ಗ್ರ್ಯಾಂಡ್ ಕ್ಯಾನಿಯನ್ ಕೊಳ್ಳದಲ್ಲಿ ಒಂದು ದಿನದ ನಡಿಗೆ: ಇಳಿಯುವ ಮುನ್ನ ತಿಳಿಯಿರಿ



"ಆರು ತಿಂಗಳಿಗಾಗುವಷ್ಟು ಮಾತ್ರೆ ಬರೆದುಕೊಡಿ ಡಾಕ್ಟ್ರೇ, ಮಗನ ಮನೆಗೆ ಅಮೆರಿಕಕ್ಕೆ ಹೊರಟಿದ್ದೇವೆ" ಎಂದು ಕೇಳುವ ಹಿರಿಯರು ಇಂದು ಎಲ್ಲ ಆಸ್ಪತ್ರೆಗಳಲ್ಲಿಯೂ ಕಾಣಸಿಗುತ್ತಾರೆ. ಹಾಗೆ ಹೋದವರನ್ನು ಮಕ್ಕಳು ಅಕ್ಕರೆಯಿಂದ ಕರೆದೊಯ್ದು ತೋರಿಸುವ ಸ್ಥಳಗಳಲ್ಲಿ ಅರಿಜೋನಾ ರಾಜ್ಯದ ಗ್ರ್ಯಾಂಡ್ ಕ್ಯಾನಿಯನ್ ಒಂದು. ಅಂಚಿನಲ್ಲಿ ನಿಂತು ನೋಡಿ ಬರುವುದಕ್ಕೆ ಯಾವ ಭಯವೂ ಇಲ್ಲ. ಆದರೆ "ಸ್ವಲ್ಪ ದೂರ ಕೆಳಗೆ ಇಳಿದು ಬರೋಣ ಬನ್ನಿ ಅಪ್ಪಾಜಿ" ಎಂದು ಮಕ್ಕಳು ಕರೆದಾಗ, ಅದು ಬರಿಯ ವಿಹಾರವಲ್ಲ, ದೇಹದ ಪರೀಕ್ಷೆ ಎಂಬುದನ್ನು ತಿಳಿದಿರಬೇಕು. ಈ ಕೊಳ್ಳದಿಂದ ಪ್ರತಿವರ್ಷ 250ಕ್ಕೂ ಹೆಚ್ಚು ಜನರನ್ನು ರಕ್ಷಿಸಿ ಮೇಲೆ ತರಬೇಕಾಗುತ್ತದೆ ಎಂದು ಅಲ್ಲಿನ ರಾಷ್ಟ್ರೀಯ ಉದ್ಯಾನದ ಆಡಳಿತವೇ ಪ್ರವಾಸಿಗರನ್ನು ಎಚ್ಚರಿಸುತ್ತ ಬಂದಿದೆ. ಹೋಗುವವರಿಗೂ ಕರೆದೊಯ್ಯುವ ಮಕ್ಕಳಿಗೂ ನೆರವಾಗಲೆಂದು ಈ ಕೆಲವು ಮಾತುಗಳು.

ಈ ಕೊಳ್ಳ ಎಂಥದು?

ಕೊಲರಾಡೊ ನದಿಯು ಲಕ್ಷಾಂತರ ವರ್ಷಗಳ ಕಾಲ ಕಲ್ಲನ್ನು ಕೊರೆದು ಮಾಡಿದ ಕಣಿವೆ ಇದು. ಉದ್ದ 446 ಕಿ.ಮೀ., ಆಳ ಸುಮಾರು 1.6 ಕಿ.ಮೀ., ಅಗಲ ಕೆಲವೆಡೆ 29 ಕಿ.ಮೀ. 1919ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. 1979ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.

ಹೆಚ್ಚಿನ ಪ್ರವಾಸಿಗರು ಬರುವ ದಕ್ಷಿಣದ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಅಂದರೆ ಕಾರಿನಿಂದ ಇಳಿಯುವ ಹೊತ್ತಿಗೇ ನೀವು ಮುಳ್ಳಯ್ಯನಗಿರಿಗಿಂತ ಮೇಲಿರುತ್ತೀರಿ. ಅಲ್ಲಿ ಗಾಳಿ ತೆಳುವಾಗಿರುವುದರಿಂದ ಆರೋಗ್ಯವಂತರಿಗೂ ಏರುವಾಗ ಬೇಗ ಏದುಸಿರು ಬರುತ್ತದೆ.

ಕೆಳಗೆ ಇಳಿದಂತೆ ಸೆಖೆ ಏರುತ್ತದೆ. ಜುಲೈ ತಿಂಗಳಲ್ಲಿ ಅಂಚಿನ ಮೇಲೆ ಹಗಲಿನ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 29 ಡಿಗ್ರಿ ಇದ್ದರೆ, ನದಿಯ ದಡದಲ್ಲಿ ಅದು 41 ಡಿಗ್ರಿ. ಇದು ನೆರಳಿನಲ್ಲಿ ಅಳೆದ ಲೆಕ್ಕ. ಬಿಸಿಲಿನಲ್ಲಿ ಕಾದ ಬಂಡೆಗಳ ನಡುವೆ ನಡೆಯುವವರಿಗೆ ತಟ್ಟುವ ಝಳ ಇನ್ನೂ ಹೆಚ್ಚು. ಮೇಲಿನ ತಂಪುಗಾಳಿಯನ್ನು ನಂಬಿ ಕೆಳಗಿನ ಹವೆಯನ್ನು ಊಹಿಸಬಾರದು.

ತಲೆಕೆಳಗಾದ ಬೆಟ್ಟ

ಬೆಟ್ಟ ಹತ್ತುವಾಗ ದಣಿವಾದರೆ ಹಿಂದಿರುಗಿ ಇಳಿಯಬಹುದು; ಇಳಿಜಾರು ನಮಗೆ ನೆರವಾಗುತ್ತದೆ. ಕೊಳ್ಳದಲ್ಲಿ ಇದು ತಿರುವುಮುರುವು. ಬೆಳಗಿನ ತಂಪಿನಲ್ಲಿ, ಹೊಸ ಉಮೇದಿನಲ್ಲಿ ಸಲೀಸಾಗಿ ಇಳಿಯುತ್ತೇವೆ. ಕಾಲು ಸೋತು, ನೀರು ಮುಗಿದು, ಬಿಸಿಲೇರಿದ ಹೊತ್ತಿಗೆ ನಿಜವಾದ ಏರು ಆರಂಭವಾಗುತ್ತದೆ. ಇಳಿಯುವುದು ನಮ್ಮ ಇಷ್ಟ. ಹತ್ತುವುದು ಮಾತ್ರ ಇಷ್ಟಾನಿಷ್ಟದ ಮಾತಲ್ಲ, ಹತ್ತಲೇಬೇಕು.

ಆದ್ದರಿಂದ "ಸುಸ್ತಾದಾಗ ಹಿಂದಿರುಗೋಣ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸುಸ್ತಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚಿನ ಕೆಲಸ ಬಾಕಿ ಇರುತ್ತದೆ. ಎಲ್ಲಿಂದ, ಎಷ್ಟು ಗಂಟೆಗೆ ಹಿಂದಿರುಗಬೇಕು ಎಂಬುದನ್ನು ಹೊರಡುವ ಮುನ್ನವೇ ಗೊತ್ತುಮಾಡಿಕೊಳ್ಳಬೇಕು. ಸಾಮಾನ್ಯ ನಿಯಮ ಇಷ್ಟು: ಇಳಿಯಲು ಒಂದು ಗಂಟೆಯಾದರೆ ಹತ್ತಲು ಎರಡು ಗಂಟೆ ಬೇಕು. ಒಟ್ಟು ಸಮಯದಲ್ಲಿ ಮೂರನೆಯ ಒಂದು ಭಾಗ ಇಳಿಯಲು, ಮೂರನೆಯ ಎರಡು ಭಾಗ ಹತ್ತಲು. ನೀರಿನ ಲೆಕ್ಕವೂ ಹೀಗೆಯೇ.

ತಾರುಣ್ಯವೂ ಅಭ್ಯಾಸವೂ ಇದ್ದರೆ ಸಾಕೆಂದು ತಿಳಿಯಬೇಡಿ. 2004ರ ಜುಲೈ ತಿಂಗಳಲ್ಲಿ 24 ವರ್ಷದ ಯುವತಿಯೊಬ್ಬರು ಇದೇ ಕೊಳ್ಳದಲ್ಲಿ ಬಿಸಿಲಿಗೆ ನೀರಿಲ್ಲದೆ ತೀರಿಕೊಂಡರು. ಅವರು ಅದೇ ವರ್ಷದ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಓಟವನ್ನು ಸುಮಾರು ಮೂರು ಗಂಟೆಗಳಲ್ಲಿ ಮುಗಿಸಿದವರು. ವೈದ್ಯಕೀಯ ವಿದ್ಯಾರ್ಥಿನಿ ಕೂಡ. ಆ ದಿನದ ದೀರ್ಘ ಓಟಕ್ಕೆ ಅವರು ಒಯ್ದಿದ್ದ ನೀರು ಒಂದೂವರೆ ಲೀಟರ್‌ನಷ್ಟು ಮಾತ್ರ. ಅಂದು ಸೋತಿದ್ದು ಕಾಲಿನ ಶಕ್ತಿಯಲ್ಲ, ನೀರಿನ ಲೆಕ್ಕ.

ಒಣಹವೆಯಲ್ಲಿ ದೇಹಕ್ಕೆ ಏನಾಗುತ್ತದೆ?

ನಮ್ಮ ದೇಹ ತನ್ನ ಉಷ್ಣತೆಯನ್ನು ಸುಮಾರು 37 ಡಿಗ್ರಿಯಲ್ಲಿ ಕಾಯ್ದುಕೊಳ್ಳುತ್ತದೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ದೇಹಕ್ಕೆ ಉಳಿಯುವ ದಾರಿ ಬೆವರೊಂದೇ. ಬೆವರು ಆರುವಾಗ ದೇಹದ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಬಿಸಿಲಿನಲ್ಲಿ ಏರು ಹತ್ತುವವರು ಗಂಟೆಗೆ ಒಂದು ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಬೆವರನ್ನು ಕಳೆದುಕೊಳ್ಳಬಹುದು.

ಮಂಗಳೂರಿನಂತಹ ಕರಾವಳಿಯಲ್ಲಿ ಬೆವರು ಮೈಮೇಲೆ ನಿಂತು ಅಂಗಿ ಒದ್ದೆಯಾಗುತ್ತದೆ. ಆದ್ದರಿಂದ ನೀರು ಹೋಗುತ್ತಿರುವುದು ನಮಗೆ ತಿಳಿಯುತ್ತದೆ. ಮರುಭೂಮಿಯ ಒಣಹವೆಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಮೈ ಒಣಗಿಯೇ ಇರುವುದರಿಂದ "ನನಗೆ ಬೆವರೇ ಬಂದಿಲ್ಲ" ಎಂಬ ಭ್ರಮೆ ಉಂಟಾಗುತ್ತದೆ. ಇನ್ನೊಂದು ಮಾತು: ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ಹಿರಿಯರು ಬಾಯಾರುವುದನ್ನು ಕಾಯದೆ ಆಗಾಗ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು.

ಹಾಗೆಂದು ಬರಿಯ ನೀರನ್ನೇ ಮಿತಿಮೀರಿ ಕುಡಿಯುವುದೂ ಅಪಾಯಕರ. ಬೆವರಿನೊಡನೆ ಉಪ್ಪೂ ಹೋಗಿರುತ್ತದೆ. ಉಪ್ಪು ಸೇರದೆ ನೀರು ಮಾತ್ರ ಸೇರಿದರೆ ರಕ್ತದಲ್ಲಿ ಸೋಡಿಯಂ ಅಂಶ ಇಳಿದು ತಲೆನೋವು, ವಾಕರಿಕೆ, ಗೊಂದಲ, ಕೊನೆಗೆ ಮೂರ್ಛೆ ಬರಬಹುದು. ಈ ಕೊಳ್ಳದಲ್ಲಿ ನಡೆದವರಲ್ಲಿ ವೈದ್ಯರು ಇಂತಹ ಪ್ರಕರಣಗಳನ್ನು ಕಂಡಿದ್ದಾರೆ. ಆದ್ದರಿಂದ ನೀರಿನ ಜೊತೆಗೆ ಉಪ್ಪಿನಂಶವುಳ್ಳ ತಿಂಡಿ ಕಡ್ಡಾಯ.

ಎಲ್ಲಿಯವರೆಗೆ ಇಳಿಯಬೇಕು?

ದಕ್ಷಿಣ ಅಂಚಿನಿಂದ ಇಳಿಯುವ ಹೆಸರಾಂತ ಕಾಲುದಾರಿ ಬ್ರೈಟ್ ಏಂಜಲ್. ಅದರ ತಂಗುದಾಣಗಳ ವಿವರ ಹೀಗಿದೆ.

1. ಒಂದೂವರೆ ಮೈಲಿಯ ತಂಗುಮನೆ: ಅಂಚಿನಿಂದ 2.4 ಕಿ.ಮೀ.; ಇಳಿತ ಸುಮಾರು 340 ಮೀಟರ್. ಹೋಗಿ ಬರಲು 2ರಿಂದ 4 ಗಂಟೆ. ಮೈಸೂರಿನ ಚಾಮುಂಡಿಬೆಟ್ಟವನ್ನು ಮೆಟ್ಟಿಲುಗಳ ಮೂಲಕ ಹತ್ತಿದಷ್ಟು ಏರು ಹಿಂದಿರುಗುವಾಗ ಇರುತ್ತದೆ ಎಂದು ತಿಳಿಯಿರಿ.

2. ಮೂರು ಮೈಲಿಯ ತಂಗುಮನೆ: 4.8 ಕಿ.ಮೀ.; ಇಳಿತ ಸುಮಾರು 645 ಮೀಟರ್. ಹೋಗಿ ಬರಲು 4ರಿಂದ 6 ಗಂಟೆ.

3. ಹವಸುಪೈ ಗಾರ್ಡನ್ಸ್: 7.2 ಕಿ.ಮೀ.; ಇಳಿತ ಸುಮಾರು 925 ಮೀಟರ್. ಹೋಗಿ ಬರಲು 6ರಿಂದ 9 ಗಂಟೆ. ಹಳೆಯ ನಕಾಶೆಗಳಲ್ಲಿ ಇದು ಇಂಡಿಯನ್ ಗಾರ್ಡನ್ ಎಂದಿದೆ. ಅಲ್ಲಿನ ಮೂಲನಿವಾಸಿಗಳಾದ ಹವಸುಪೈ ಜನರ ನೆನಪಿಗಾಗಿ 2022ರಲ್ಲಿ ಹೆಸರು ಬದಲಾಯಿತು.

ನದಿಯವರೆಗೆ ಇಳಿದು ಅದೇ ದಿನ ಹಿಂದಿರುಗುವ ಸಾಹಸ ಯಾರಿಗೂ ಬೇಡ ಎಂಬುದು ಉದ್ಯಾನದ ಆಡಳಿತದ ಸ್ಪಷ್ಟ ಸಲಹೆ. ನಡೆದು ಅಭ್ಯಾಸವಿರುವ, ಯಾವ ಕಾಯಿಲೆಯೂ ಇಲ್ಲದ ಹಿರಿಯರು ಮೊದಲ ತಂಗುಮನೆಯನ್ನೇ ಗಡಿಯೆಂದು ಇಟ್ಟುಕೊಳ್ಳುವುದು ಲೇಸು. ಸೌತ್ ಕೈಬಾಬ್ ಎಂಬ ಇನ್ನೊಂದು ದಾರಿಯಿದೆ. ನೋಟ ಅಲ್ಲಿ ಇನ್ನೂ ವಿಶಾಲ, ಆದರೆ ದಾರಿಯುದ್ದಕ್ಕೂ ಕುಡಿಯುವ ನೀರಿಲ್ಲ, ನೆರಳೂ ಕಡಿಮೆ.

ಬ್ರೈಟ್ ಏಂಜಲ್ ದಾರಿಯಲ್ಲಿ ನಲ್ಲಿಗಳಿದ್ದರೂ ಅವನ್ನೇ ನಂಬಿ ಹೊರಡಬಾರದು. 1960ರ ದಶಕದಲ್ಲಿ ಹಾಕಿದ ಕೊಳವೆ ಪದೇಪದೇ ಒಡೆಯುತ್ತ ಬಂದಿದೆ. ಚಳಿಗಾಲದಲ್ಲಿ ಕೆಲವು ನಲ್ಲಿಗಳನ್ನು ಮುಚ್ಚುತ್ತಾರೆ. ದುರಸ್ತಿಗಾಗಿ ದಾರಿಯನ್ನೇ ಮುಚ್ಚುವುದೂ ಉಂಟು. ಹೊರಡುವ ದಿನ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಎರಡು ಪ್ರಶ್ನೆ ಕೇಳಿ: ಇಂದು ದಾರಿ ತೆರೆದಿದೆಯೇ? ಇಂದು ನೀರು ಎಲ್ಲೆಲ್ಲಿ ಸಿಗುತ್ತದೆ?

ದಿನದ ವೇಳಾಪಟ್ಟಿ

ಮಾರ್ಚ್‌ನಿಂದ ಮೇ ಮಧ್ಯದವರೆಗೆ, ಅಕ್ಟೋಬರ್‌ನಿಂದ ನವೆಂಬರ್‌ವರೆಗೆ ಹವೆ ಹಿತಕರ. ಆದರೂ ಮಾರ್ಚ್‌ನಲ್ಲಿ ದಾರಿಯ ಮೇಲ್ಭಾಗದಲ್ಲಿ ಹಿಮ ಗಟ್ಟಿಯಾಗಿ ಜಾರುವ ಸಂಭವವಿದೆ. ಬೇಸಿಗೆಯಲ್ಲಿ ಬೆಳಗಿನ 10ರಿಂದ ಸಂಜೆ 4 ಗಂಟೆಯವರೆಗೆ ಕೊಳ್ಳದೊಳಗೆ ನಡೆಯಕೂಡದು. ಮಕ್ಕಳಿಗೆ ರಜೆ ಸಿಗುವುದು ಬೇಸಿಗೆಯಲ್ಲೇ ಆದುದರಿಂದ ಜೂನ್ ತಿಂಗಳಿಗೆ ಹೊಂದುವ ಒಂದು ಮಾದರಿ ಇಲ್ಲಿದೆ.

ಹಿಂದಿನ ರಾತ್ರಿ: ಹಗುರ ಊಟ, ಬೇಗ ನಿದ್ದೆ, ಸಾಕಷ್ಟು ನೀರು.
ಬೆಳಿಗ್ಗೆ 5 ಗಂಟೆ: ತಿಂಡಿ ತಿಂದು ಹೊರಡುವುದು.
6 ಗಂಟೆ: ಮೊದಲ ತಂಗುಮನೆ. 6-15ರೊಳಗೆ ಅಲ್ಲಿಗೆ ತಲುಪದಿದ್ದರೆ ಇದ್ದಲ್ಲಿಂದಲೇ ಹಿಂದಿರುಗುವುದು.
6-30: ಅರ್ಧ ಗಂಟೆ ವಿಶ್ರಾಂತಿ ಪಡೆದು, ಉಪ್ಪು ಇರುವ ತಿಂಡಿ ತಿಂದು, ಏರಲು ಆರಂಭಿಸುವುದು.
9 ಗಂಟೆ: ಅಂಚಿನ ಮೇಲೆ. ತಡವಾದರೂ 10ರ ಬಿಸಿಲು ತಟ್ಟುವ ಮೊದಲು ಮೇಲಿರುತ್ತೀರಿ.

ಏರುವಾಗ ಮಾತನಾಡಲು ಆಗುವಷ್ಟು ನಿಧಾನವಾಗಿ ನಡೆಯಿರಿ. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಗಿದೆ ಎಂದರ್ಥ. ಗಂಟೆಗೆ ಒಮ್ಮೆಯಾದರೂ ಹತ್ತು ನಿಮಿಷ ನೆರಳಿನಲ್ಲಿ ಕುಳಿತು ಕಾಲುಗಳನ್ನು ತುಸು ಮೇಲೆತ್ತಿ ಇಡಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರೇ ಮುಂದಿರಲಿ. ಯಾರನ್ನೂ ಒಬ್ಬರನ್ನೇ ಹಿಂದೆ ಬಿಡಬಾರದು.

ಚೀಲದಲ್ಲಿ ಏನೇನು ಇರಬೇಕು?

- ನಡೆಯುವ ಪ್ರತಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು. ಮೇಲಿನ ವೇಳಾಪಟ್ಟಿಗೆ ತಲಾ ಮೂರು ಲೀಟರ್‌ಗೆ ಕಡಿಮೆಯಿಲ್ಲದಂತೆ.
- ಉಪ್ಪಿನಂಶದ ತಿಂಡಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಚೂಡಾ ಮೊದಲಾದ ನಮ್ಮ ಮನೆಯ ಬುತ್ತಿಯೇ ಇದಕ್ಕೆ ತಕ್ಕದ್ದು.
- ಓ.ಆರ್.ಎಸ್. ಪುಡಿಯ ಎರಡು ಪೊಟ್ಟಣ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕದಡಬೇಕು.
- ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ತೆಳು ಹತ್ತಿಬಟ್ಟೆ, ಒದ್ದೆ ಮಾಡಿ ಕೊರಳಿಗೆ ಸುತ್ತಿಕೊಳ್ಳಲು ಒಂದು ವಸ್ತ್ರ.
- ಹಿಡಿತವುಳ್ಳ ಬೂಟು, ಕಾಲುಚೀಲ. ಹವಾಯಿ ಚಪ್ಪಲಿ ಬೇಡವೇ ಬೇಡ. ತಾಯಂದಿರು ಸೀರೆಗಿಂತ ಸಲ್ವಾರ್ ಧರಿಸುವುದು ಕ್ಷೇಮ.
- ಊರುಗೋಲು. ಇಳಿಯುವಾಗ ಮೊಣಕಾಲಿನ ಮೇಲೆ ಬೀಳುವ ಭಾರವನ್ನು ಇದು ತಗ್ಗಿಸುತ್ತದೆ.
- ಬ್ಯಾಟರಿ, ಸೀಟಿ, ದಿನದ ಮಾತ್ರೆಗಳು ಮತ್ತು ಅವುಗಳ ಹೆಸರು ಬರೆದ ಚೀಟಿ.

ಕೊಳ್ಳದೊಳಗೆ ಮೊಬೈಲ್ ಸಂಪರ್ಕ ಬಹುಮಟ್ಟಿಗೆ ಸಿಗುವುದಿಲ್ಲ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಎಂಬುದನ್ನು ಮೇಲೆ ಉಳಿಯುವವರಿಗೆ ಹೇಳಿ ಹೊರಡಿ.

ನಿತ್ಯ ಮಾತ್ರೆ ತೆಗೆದುಕೊಳ್ಳುವವರಿಗೆ

ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರದ ಪ್ರಮಾಣವನ್ನು ಹೆಚ್ಚಿಸುತ್ತವೆ; ಬಿಸಿಲಿನಲ್ಲಿ ದೇಹದ ನೀರು ಎರಡು ದಾರಿಯಲ್ಲಿ ಹೋದಂತಾಗುತ್ತದೆ. ಇನ್ನು ಕೆಲವು ಹೃದಯದ ಬಡಿತ ಏರದಂತೆ ತಡೆಯುತ್ತವೆ. ಏರು ಹತ್ತುವಾಗ ಬೇಗ ಸುಸ್ತಾಗುತ್ತದೆ. ಅಲರ್ಜಿ, ನೆಗಡಿ ಹಾಗೂ ಕೆಲವು ಮಾನಸಿಕ ಕಾಯಿಲೆಗಳ ಮಾತ್ರೆಗಳು ಬೆವರನ್ನೇ ಕಡಿಮೆ ಮಾಡುತ್ತವೆ. ಹಾಗೆಂದು ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಕೂಡದು. ಪ್ರಯಾಣಕ್ಕೆ ಮುಂಚೆ ನಿಮ್ಮ ವೈದ್ಯರ ಬಳಿ "ನಾನು ಬಿಸಿಲಿನಲ್ಲಿ ಏರು ಹತ್ತಬಹುದೇ?" ಎಂದು ನೇರವಾಗಿ ಕೇಳಿ.

ಸಕ್ಕರೆ ಕಾಯಿಲೆಯವರಲ್ಲಿ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡು ಹೆಚ್ಚು ನಡೆದರೆ ಸಕ್ಕರೆ ದಿಢೀರನೆ ಇಳಿಯಬಹುದು. ಗ್ಲೂಕೋಸ್ ಅಥವಾ ಬೆಲ್ಲ ಕೈಗೆ ಸಿಗುವಂತಿರಲಿ. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ, ಕಾರಿನಲ್ಲಿ ಬಿಟ್ಟುಹೋಗಬೇಡಿ. ಪಾದದಲ್ಲಿ ಜೋಮು ಇರುವವರಿಗೆ ಬೂಟು ಕಚ್ಚಿದ್ದು ತಿಳಿಯುವುದಿಲ್ಲ. ಹೊಸ ಬೂಟು ಹಾಕಿಕೊಂಡು ಹೋಗಬೇಡಿ. ಮರಳಿದ ಮೇಲೆ ಎರಡೂ ಪಾದಗಳನ್ನು ಬೆರಳ ಸಂದಿಯವರೆಗೆ ಪರೀಕ್ಷಿಸಿ.

ನಡೆದರೆ ಎದೆನೋವು ಬರುವವರು, ಇತ್ತೀಚೆಗೆ ಹೃದಯದ ಚಿಕಿತ್ಸೆ ಪಡೆದವರು, ಮೂತ್ರಪಿಂಡದ ತೊಂದರೆಯುಳ್ಳವರು, ಗರ್ಭಿಣಿಯರು ಕೊಳ್ಳಕ್ಕೆ ಇಳಿಯದಿರುವುದೇ ಒಳ್ಳೆಯದು. ನೀರು, ಉಪ್ಪು ಮಿತಿಯಲ್ಲಿರಬೇಕು ಎಂದು ವೈದ್ಯರು ಹೇಳಿರುವವರಿಗೆ ಮೇಲಿನ ನೀರಿನ ಲೆಕ್ಕವಾಗಲಿ ಓ.ಆರ್.ಎಸ್. ಆಗಲಿ ಅನ್ವಯಿಸುವುದಿಲ್ಲ.

ಅಪಾಯದ ಲಕ್ಷಣಗಳು

ಮೊದಲ ಹಂತದಲ್ಲಿ ತಲೆಸುತ್ತು, ತಲೆನೋವು, ವಾಕರಿಕೆ, ಕಾಲು ಹಿಡಿತ, ತಣ್ಣನೆಯ ಒದ್ದೆ ಚರ್ಮ, ಕಡಿಮೆ ಹಾಗೂ ಗಾಢಬಣ್ಣದ ಮೂತ್ರ ಕಾಣಿಸುತ್ತವೆ. ಕೂಡಲೇ ನೆರಳಿಗೆ ಹೋಗಿ, ಮೈಗೆ ನೀರು ಚಿಮುಕಿಸಿ, ನಿಧಾನವಾಗಿ ಕುಡಿದು, ಪೂರ್ತಿ ಚೇತರಿಸಿಕೊಳ್ಳುವವರೆಗೆ ಕುಳಿತಿರಿ.

ಎರಡನೆಯ ಹಂತವೇ ಬಿಸಿಲಾಘಾತ. ಮೈ ಕೆಂಡದಂತೆ ಸುಡುತ್ತದೆ, ದೇಹದ ಉಷ್ಣತೆ 40 ಡಿಗ್ರಿ ಮೀರುತ್ತದೆ. ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ, ಅರ್ಥವಿಲ್ಲದ ಮಾತನಾಡುತ್ತಾರೆ, ಸಿಟ್ಟಾಗುತ್ತಾರೆ. ಗೊಂದಲ ಕಂಡಿತೆಂದರೆ ಬೆವರು ಇದೆಯೋ ಇಲ್ಲವೋ ಎಂದು ನೋಡುತ್ತ ಕೂಡಬೇಡಿ, ಇದು ಪ್ರಾಣಾಪಾಯ. ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು, ಜೋರಾಗಿ ಗಾಳಿ ಹಾಕಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಒಬ್ಬರು ಜೊತೆಗಿದ್ದು, ಇನ್ನೊಬ್ಬರು ತಂಗುಮನೆಯಲ್ಲಿರುವ ತುರ್ತು ದೂರವಾಣಿಗೆ ಹೋಗಬೇಕು. ಸಂಪರ್ಕ ಸಿಕ್ಕಲ್ಲಿ ಮೊಬೈಲಿನಿಂದ 911ಕ್ಕೆ ಕರೆ ಮಾಡಬಹುದು. ಕರೆದ ಕೂಡಲೇ ಹೆಲಿಕಾಪ್ಟರ್ ಬರುತ್ತದೆ ಎಂಬ ಧೈರ್ಯ ಬೇಡ. ಗಾಳಿ, ಅತಿಸೆಖೆ, ಕತ್ತಲೆಗಳು ಅದನ್ನು ತಡೆಯಬಲ್ಲವು. ನೆರವು ಬರುವವರೆಗೆ ಮೈ ತಣ್ಣಗೆ ಮಾಡುವವರೇ ಪ್ರಾಣ ಉಳಿಸುವವರು.

ಮಳೆ ಮತ್ತು ಪ್ರಾಣಿಗಳು

ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಗುಡುಗು ಮಳೆ ಬರುತ್ತದೆ. ಬರಿಯ ಬಂಡೆ ನೀರನ್ನು ಹೀರುವುದಿಲ್ಲವಾದ್ದರಿಂದ ಒಣಹಳ್ಳಗಳು ಕ್ಷಣದಲ್ಲಿ ತುಂಬಿ ಹರಿಯುತ್ತವೆ. 1997ರ ಆಗಸ್ಟ್ 12ರಂದು ಅದೇ ರಾಜ್ಯದ ಆಂಟಿಲೋಪ್ ಕ್ಯಾನಿಯನ್ ಎಂಬ ಇಕ್ಕಟ್ಟು ಕೊಳ್ಳದಲ್ಲಿ ಹೀಗೆ ನುಗ್ಗಿದ ನೀರಿಗೆ 11 ಜನ ಬಲಿಯಾದರು. ಮಳೆ ಬಿದ್ದದ್ದು ಅಲ್ಲಲ್ಲ, ಹಲವು ಕಿ.ಮೀ. ದೂರದ ಮೇಲ್ಭಾಗದಲ್ಲಿ. ಹಳ್ಳದ ಪಾತ್ರದಲ್ಲಿ ಕುಳಿತು ಬುತ್ತಿ ಬಿಚ್ಚಬೇಡಿ.

ದಾರಿಯಲ್ಲಿ ಹೇಸರಗತ್ತೆಗಳ ಸಾಲು ಬಂದರೆ ಕಮರಿಯ ಬದಿಗಲ್ಲ, ಗುಡ್ಡದ ಬದಿಗೆ ಸರಿದು ಅಲುಗಾಡದೆ ನಿಲ್ಲಿ. ಅಳಿಲುಗಳಿಗೆ ತಿಂಡಿ ಹಾಕಬೇಡಿ, ಅವು ಕಚ್ಚುತ್ತವೆ.

"ಬೇಡ" ಎನ್ನಲು ಸಂಕೋಚವೇಕೆ?

ಅನೇಕ ತಂದೆತಾಯಿಗಳು ಮಕ್ಕಳ ಉತ್ಸಾಹಕ್ಕೆ ಭಂಗ ಬರಬಾರದೆಂದು ತಮ್ಮ ಎದೆನೋವನ್ನೂ ಮೊಣಕಾಲು ನೋವನ್ನೂ ಮುಚ್ಚಿಡುತ್ತಾರೆ. ಕೊಳ್ಳದೊಳಗೆ ಈ ಸಂಕೋಚ ಎಲ್ಲರನ್ನೂ ಅಪಾಯಕ್ಕೆ ದೂಡುತ್ತದೆ. ಒಬ್ಬರು ಕುಸಿದರೆ ಅವರನ್ನು ಮೇಲೆ ತರಲು ಎಷ್ಟೋ ಜನ ಬಿಸಿಲಿಗೆ ಇಳಿಯಬೇಕಾಗುತ್ತದೆ. ಮಕ್ಕಳೂ "ಬರುತ್ತೀರಾ?" ಎಂದಷ್ಟೇ ಕೇಳದೆ "ನಿಮಗೆ ಏನಾದರೂ ತೊಂದರೆ ಇದೆಯೇ?" ಎಂದು ಕೇಳಬೇಕು.

ಇಳಿಯದವರಿಗೆ ಕೊಳ್ಳದ ದರ್ಶನ ತಪ್ಪುವುದಿಲ್ಲ. ಅಂಚಿನ ಉದ್ದಕ್ಕೂ ಸುಮಾರು 21 ಕಿ.ಮೀ. ಉದ್ದದ, ಬಹುಪಾಲು ಸಮತಟ್ಟಾದ ದಾರಿಯಿದೆ. ಹಲವೆಡೆ ಉಚಿತ ಬಸ್ಸುಗಳೂ ಓಡುತ್ತವೆ. ಮನಸ್ಸು ಬಂದಷ್ಟು ನಡೆದು, ದಣಿದಲ್ಲಿ ಬಸ್ಸು ಹತ್ತಬಹುದು. ಸೂರ್ಯೋದಯದ ಹೊತ್ತಿಗೆ ಅಲ್ಲಿ ಒಂದು ಕಡೆ ಕುಳಿತವರಿಗೆ ಬಂಡೆಗಳ ಬಣ್ಣ ಬದಲಾಗುವುದೆಲ್ಲ ಕಾಣುತ್ತದೆ.

ಅಮೆರಿಕಕ್ಕೆ ಹೋಗದವರಿಗೂ ಈ ಲೆಕ್ಕ ಬೇಕಾದದ್ದೇ. ಯುಗಾದಿಗೆ ಮಲ್ಲಯ್ಯನ ದರ್ಶನಕ್ಕೆಂದು ಶ್ರೀಶೈಲಕ್ಕೆ ಪಾದಯಾತ್ರೆ ಮಾಡುವ ನಮ್ಮ ಭಕ್ತರು ಸುಡುಬೇಸಿಗೆಯಲ್ಲಿ ನಲ್ಲಮಲೆ ಕಾಡಿನ ಭೀಮನ ಕೊಳ್ಳವನ್ನು ಇಳಿದು ಹತ್ತುತ್ತಾರೆ. ಅಲ್ಲಿಯೂ ಇಳಿದಷ್ಟು ಏರಬೇಕು. ಅಲ್ಲಿಯೂ ತಂಪುಹೊತ್ತಿನಲ್ಲಿ ನಡೆದು, ಬಿಸಿಲೇರಿದಾಗ ನೆರಳಿನಲ್ಲಿ ತಂಗಿ, ನೀರಿನೊಡನೆ ಉಪ್ಪನ್ನೂ ಸೇವಿಸಬೇಕು.

ಶರಣರು ದೇಹವನ್ನು ದೇವಾಲಯವಾಗಿ ಕಂಡರು. ಅದರ ಮಿತಿಯನ್ನು ಅರಿತು ನಡೆಯುವುದು ಹೇಡಿತನವಲ್ಲ. ಪ್ರಯಾಣ ಹೊರಡುವ ಒಂದು ತಿಂಗಳ ಮೊದಲೇ ರಕ್ತದೊತ್ತಡ, ಸಕ್ಕರೆ, ಹೃದಯದ ಪರೀಕ್ಷೆ ಮಾಡಿಸಿಕೊಳ್ಳಿ. ಪ್ರತಿದಿನ ಅರ್ಧ ಗಂಟೆ ನಡೆದು, ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿಕೊಳ್ಳಿ. ಸಂಶಯವಿದ್ದಲ್ಲಿ ನಿಮ್ಮ ವೈದ್ಯರನ್ನು ಕೇಳಿ. ಕ್ಷೇಮವಾಗಿ ಹೋಗಿ, ಕ್ಷೇಮವಾಗಿ ಬನ್ನಿ. ಶರಣು.